ಬಲಮುರಿಯ ತಿರುವು ಮತ್ತು ಹೊಳೆಯ ಕೆಲಸ

ಕೇಳುಗರೆಲ್ಲರಿಗೂ ನಮಸ್ಕಾರ.

ಬಲಮುರಿಯಲ್ಲಿ ಕಾವೇರಿ ಬಲಕ್ಕೆ ತಿರುಗಿ ಹರಿದಾಗ ಅಲ್ಲಿದ್ದ ಹೆಂಗಸರ ಸೀರೆಯ ನೆರಿಗೆ ಆ ರಭಸಕ್ಕೆ ಹಿಂದಕ್ಕೆ ಸರಿಯಿತೆಂದೂ, ಕೊಡವ ಸ್ತ್ರೀಯರು ಇಂದಿಗೂ ನೆರಿಗೆಯನ್ನು ಬೆನ್ನ ಕಡೆಗೆ ಇಟ್ಟುಕೊಳ್ಳುವುದು ಅದರಿಂದಲೇ ಎಂದೂ ಹೇಳುವ ಕಥೆಯನ್ನು ನಮ್ಮ ಕೊಡಗು ಜಿಲ್ಲೆಯಲ್ಲಿ ಕೇಳದವರು ಕಡಿಮೆ. ಹೊಳೆ ತಿರುಗುವ ಕಡೆ ನೀರಿನ ಬಲವೂ ಬದಲಾಗುತ್ತದೆಂಬುದನ್ನು ಕಥೆ ಕಟ್ಟಿದವರು ಕಣ್ಣಾರೆ ಕಂಡಿದ್ದರೆಂದೇ ನನ್ನ ಎಣಿಕೆ.

ಕಾವೇರಿ ಹುಟ್ಟುವ ಬ್ರಹ್ಮಗಿರಿ ಬೆಟ್ಟದ ಕಡಿದಾದ ಇಳಿಜಾರಿನಲ್ಲಿ ತೊರೆಗಳಿಗೆ ಅಕ್ಕಪಕ್ಕ ಹೊರಳಲು ಬಿಡುವಿಲ್ಲ. ಅವು ತಳವನ್ನೇ ಕೊರೆಯುತ್ತವೆ. ಕಲ್ಲನ್ನು ಸವೆಸುವುದು ಬರಿಯ ನೀರಿಗಿಂತ ಹೆಚ್ಚಾಗಿ ಅದು ಹೊತ್ತು ತರುವ ಮರಳು ಮತ್ತು ಉರುಳುಗಲ್ಲು. ಹರಿವಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಸುಮಾರು 64 ಪಟ್ಟಾಗುತ್ತದೆಂಬುದು ಹಳೆಯ ಲೆಕ್ಕಾಚಾರ. ಬೇಸಿಗೆಯಿಡೀ ಬಟ್ಟೆ ಒಗೆಯಲು ಆಸರೆಯಾಗಿದ್ದ ಕಲ್ಲು ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆ ಕಳೆದ ಮೇಲೆ ಕಾಣದೆ ಹೋಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಭಾಗಮಂಡಲದಲ್ಲಿ ಕನ್ನಿಕೆ ಹೊಳೆಯನ್ನು ಕೂಡಿಕೊಂಡು ಕಾವೇರಿ ಗದ್ದೆಬಯಲಿಗೆ ಇಳಿದ ಮೇಲೆ ಇಳಿಜಾರು ತಗ್ಗುತ್ತದೆ, ಹೊಳೆ ಬಳಸಿ ಬಳಸಿ ಹರಿಯತೊಡಗುತ್ತದೆ. ತಿರುವಿನ ಗುಟ್ಟನ್ನು ತಿಳಿಯಲು ಒಂದು ಲೋಟ ಬೆಲ್ಲದ ಕಾಫಿ ಸಾಕು. ಸೋಸದ ಕಾಫಿಯನ್ನು ಚಮಚದಿಂದ ಗಿರ್ರನೆ ತಿರುಗಿಸಿ ಬಿಟ್ಟರೆ ಗಸಿ ಅಂಚಿಗೆ ಸಿಡಿಯುವ ಬದಲು ತಳದ ನಡುವೆ ಬಂದು ಗುಡ್ಡೆಯಾಗುತ್ತದೆ. ಮೇಲಿನ ದ್ರವ ಜೋರಾಗಿ ಸುತ್ತುತ್ತ ಹೊರಕ್ಕೆ ಒತ್ತುತ್ತದೆ. ತಳಕ್ಕೆ ಉಜ್ಜಿಕೊಂಡು ನಿಧಾನವಾದ ದ್ರವ ಒಳಕ್ಕೆ ಜರುಗುವಾಗ ಗಸಿಯನ್ನೂ ಎಳೆದುಕೊಂಡು ಬರುತ್ತದೆ. ಐನ್‌ಸ್ಟೈನ್ 1926ರಲ್ಲಿ ಚಹಾದ ಎಲೆಗಳನ್ನು ಮುಂದಿಟ್ಟುಕೊಂಡು ನದಿಯ ತಿರುವನ್ನು ವಿವರಿಸಿದ್ದು ಹೀಗೆಯೇ. ಅವರು ಕೊಡಗಿನವರಾಗಿದ್ದರೆ ಕಾಫಿಯನ್ನೇ ಆರಿಸುತ್ತಿದ್ದರೇನೋ. ಹೊಳೆಯಲ್ಲಿಯೂ ಮೇಲ್ನೀರು ಹೊರದಂಡೆಯ ಬುಡವನ್ನು ಕೊರೆದು ಮಡು ಮಾಡುತ್ತದೆ, ತಳದ ನೀರು ಮರಳನ್ನು ಒಳದಂಡೆಯತ್ತ ತಳ್ಳಿ ದಿಬ್ಬ ಕಟ್ಟುತ್ತದೆ. ಒಂದು ದಂಡೆ ಹಿಂದೆ ಸರಿದಂತೆ ಇನ್ನೊಂದು ಮುಂದೆ ಬರುವುದರಿಂದ ಹೊಳೆಯ ಅಗಲ ಹೆಚ್ಚು ಬದಲಾಗದೆ ಹೊಳೆಯೇ ಜಾಗ ಬದಲಿಸುತ್ತದೆ. ಹೀಗೆ ಕೊರೆತಕ್ಕೆ ಸಿಕ್ಕುವ ದಂಡೆಯವರು ಕಲ್ಲಿನ ತಡೆಗೋಡೆ ಕಟ್ಟಿಸುವುದು ಸಹಜವೇ. ಆದರೆ ಅಲ್ಲಿ ಕೊರೆಯಲಾಗದ ನೀರು ಗೋಡೆ ಮುಗಿದಲ್ಲಿ, ಎಂದರೆ ಪಕ್ಕದವರ ತೋಟದಲ್ಲಿ, ತನ್ನ ಕೆಲಸ ಮುಂದುವರಿಸುವುದೇ ಹೆಚ್ಚು.

ಹರಿವು ಸೋತ ಕಡೆ ಮೊದಲು ದಪ್ಪ ಮರಳು, ಆಮೇಲೆ ನಯವಾದ ಮೆಕ್ಕಲು ಮಣ್ಣು ಕೂರುತ್ತದೆ. ಆ ಮಣ್ಣಿನ ಮೇಲೆ ಹುಲ್ಲು, ಪೊದೆ, ಬಿದಿರು ಬೇರೂರಿದರೆ ಮುಂದಿನ ನೆರೆಯ ಕೆಸರನ್ನು ಅವೂ ಹಿಡಿದಿಟ್ಟುಕೊಳ್ಳುತ್ತವೆ. ನೆರೆಯೊಂದಿಗೆ ಗದ್ದೆಗೆ ಬರುವ ಗೋಡು ಇದೇ ಮಣ್ಣು. ಆದರೆ ಅದೇ ನೆರೆ 2019ರ ಆಗಸ್ಟಿನಲ್ಲಿ ಸಿದ್ದಾಪುರದ ಬಳಿಯ ಕರಡಿಗೋಡು, ಗುಹ್ಯದ ದಂಡೆಗಳಲ್ಲಿ ಮನೆಗಳನ್ನೇ ಕೊಂಡೊಯ್ದಿತು.

ಮಳೆ ನಿಂತು ನೀರು ತಿಳಿಯಾದ ಮೇಲೆ ಯಾವುದಾದರೂ ತಿರುವಿನಲ್ಲಿ ನಿಂತು ನೋಡಿ. ಆಚೆ ದಂಡೆಯಲ್ಲಿ ಬಿದಿರುಮೆಳೆಯ ಬೇರುಗಳು ಗಾಳಿಯಲ್ಲಿ ಜೋತುಬಿದ್ದಿರುತ್ತವೆ. ಈಚೆ, ನಿಮ್ಮ ಕಾಲಡಿಯ ಹೊಸ ಮರಳಿನಲ್ಲಿ, ಆಗಲೇ ಹುಲ್ಲು ಮೊಳೆತಿರುತ್ತದೆ.