ಸರ್ವರಿನೊಳಗೆ ಉಳಿದುಕೊಂಡ ಹೆಸರು

ಕೇಳುಗರಿಗೆ ನಮಸ್ಕಾರ. ಕೊಡಗಿನಲ್ಲಿ ಹೋಂಸ್ಟೇ ನಡೆಸುವವರಲ್ಲಿ ಹಲವರು ಕೋಣೆ ಕಾದಿರಿಸಲು ಸ್ವಂತ ವೆಬ್‌ಸೈಟ್ ಇಟ್ಟುಕೊಂಡಿದ್ದಾರೆ. ಅವುಗಳ ಸರ್ವರನ್ನು ನೋಡಿಕೊಳ್ಳುವವರನ್ನು ಕಾಡುವ, ಒಬ್ಬರ ರಸೀದಿಯಲ್ಲಿ ಇನ್ನೊಬ್ಬರ ಹೆಸರು ಬರುವ ಒಂದು ವಿಚಿತ್ರ ದೋಷದ ಕುರಿತು ಇಂದು ಮಾತನಾಡುತ್ತೇನೆ.

ಸಿಜಿಐ ಎಂಬುದು ವೆಬ್ ಸರ್ವರ್ ಹೊರಗಿನ ಪ್ರೋಗ್ರಾಂ ನಡೆಸಿ ಪುಟ ಪಡೆಯುವ ಹಳೆಯ ಪದ್ಧತಿ. ಅದರಲ್ಲಿ ಪ್ರತಿ ಕೋರಿಕೆಗೂ ಪರ್ಲ್ ಭಾಷೆಯ ಇಂಟರ್‌ಪ್ರಿಟರ್, ಅಂದರೆ ಆ ಭಾಷೆಯ ಸ್ಕ್ರಿಪ್ಟನ್ನು ಓದಿ ನಡೆಸುವ ಪ್ರೋಗ್ರಾಂ, ಹೊಸದಾಗಿ ಶುರುವಾಗಿ, ಪುಟವನ್ನು ಕೊಟ್ಟು ಮುಗಿದುಹೋಗುತ್ತದೆ. 1996ರಲ್ಲಿ ಬಂದ ಮಾಡ್‌ಪರ್ಲ್ ಆ ಇಂಟರ್‌ಪ್ರಿಟರನ್ನು ಅಪಾಚೆ ಎಂಬ ವೆಬ್ ಸರ್ವರಿನ ಒಳಗೇ ಕೂರಿಸಿತು. ವೇಗ ಹೆಚ್ಚಿತು, ನಿಜ. ಆದರೆ ಒಂದು ಕೋರಿಕೆ ಮುಗಿದ ಮೇಲೂ ಇಂಟರ್‌ಪ್ರಿಟರ್ ಬದುಕಿರುತ್ತದೆ, ಅದರೊಡನೆ ಹಿಂದಿನ ಕೋರಿಕೆಯ ಮಾಹಿತಿಯೂ ಉಳಿಯಬಲ್ಲದು.

ಮೈಸೂರಿನ ಅತಿಥಿಯೊಬ್ಬರು ಕೋಣೆ ಕಾದಿರಿಸಿದ ಬಳಿಕ ಮಂಗಳೂರಿನವರ ರಸೀದಿಯಲ್ಲೂ ಮೈಸೂರಿನವರದೇ ಹೆಸರು ಬಂದಿತೆನ್ನೋಣ. ಪುಟವನ್ನು ಮತ್ತೆ ತೆರೆದರೆ ಮೂರನೆಯವರ ಹೆಸರು! ಡೇಟಾಬೇಸನ್ನು ಶಂಕಿಸುವ ಮೊದಲು ಎರರ್ ಲಾಗ್, ಅಂದರೆ ಸರ್ವರ್ ದೋಷಗಳನ್ನು ಬರೆದಿಡುವ ಕಡತ, ಓದಬೇಕು. ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ ಅದು ಸಾಮಾನ್ಯವಾಗಿ ಅಪಾಚೆ2 ಎಂಬ ಲಾಗ್ ಫೋಲ್ಡರಿನಲ್ಲಿರುತ್ತದೆ. ಪರ್ಲ್‌ನ ಎಚ್ಚರಿಕೆಗಳನ್ನು ಚಾಲೂ ಇಟ್ಟಿದ್ದರೆ ‘ವಿಲ್ ನಾಟ್ ಸ್ಟೇ ಷೇರ್ಡ್’ (ಹಂಚಿಕೆಯಲ್ಲಿ ಉಳಿಯುವುದಿಲ್ಲ) ಎಂಬ ಸಾಲು ಅಲ್ಲಿ ಸಿಗುತ್ತದೆ. ಬಹಳ ಮಂದಿ ಇದನ್ನು ಬರಿಯ ಎಚ್ಚರಿಕೆಯೆಂದು ದಾಟಿಬಿಡುತ್ತಾರೆ. ರೋಗವೆಲ್ಲ ಇರುವುದು ಅದರಲ್ಲೇ.

ಮಾಡ್‌ಪರ್ಲ್‌ನಲ್ಲಿ ಸ್ಕ್ರಿಪ್ಟುಗಳನ್ನು ನಡೆಸುವ ಭಾಗವಾದ ರಿಜಿಸ್ಟ್ರಿ ನಮ್ಮ ಇಡೀ ಸ್ಕ್ರಿಪ್ಟನ್ನು ಒಂದು ಫಂಕ್ಷನ್ನಿನೊಳಗೆ, ಅಂದರೆ ಕರೆದಾಗಲೆಲ್ಲ ನಡೆಯುವ ಸಾಲುಗಳ ಗುಂಪಿನೊಳಗೆ, ಸುತ್ತುತ್ತದೆ. ಹಾಗಾಗಿ ನಾವು ಬರೆದ ಹೆಸರುಳ್ಳ ಫಂಕ್ಷನ್ ಒಳಗಿನ ಫಂಕ್ಷನ್ ಆಗುತ್ತದೆ; ಸ್ಕ್ರಿಪ್ಟಿನ ಮೇಲ್ಭಾಗದಲ್ಲಿ ‘ಮೈ’ (my) ಎಂದು ಘೋಷಿಸಿದ, ಅತಿಥಿಯ ಹೆಸರನ್ನು ಇಡುವ ವೇರಿಯಬಲನ್ನು ಅದು ಮೊದಲ ಸಲ ಕಂಡಂತೆಯೇ ಹಿಡಿದುಕೊಂಡು, ಮುಂದಿನ ಕೋರಿಕೆಗಳಲ್ಲಿ ಬಿಡುವುದಿಲ್ಲ. ಕೋರಿಕೆಗಳನ್ನು ಹಂಚಿಕೊಂಡು ನೋಡಿಕೊಳ್ಳುವ ಸರ್ವರಿನ ಪ್ರತಿಯೊಂದು ಚೈಲ್ಡ್ ಪ್ರೊಸೆಸ್ಸೂ ತನಗೆ ಮೊದಲು ಬಂದ ಅತಿಥಿಯನ್ನು ಹೀಗೆ ನೆನಪಿಟ್ಟುಕೊಳ್ಳುವುದರಿಂದ ತಪ್ಪು ಹೆಸರೂ ಬದಲಾಗುತ್ತಿರುತ್ತದೆ.

ಇದನ್ನು ಹಿಡಿಯಲು ಪರೀಕ್ಷೆಯ ಯಂತ್ರದಲ್ಲಿ ಅಪಾಚೆಯನ್ನು ದೊಡ್ಡಕ್ಷರದ ಎಕ್ಸ್ (-X) ಆಯ್ಕೆಯೊಡನೆ ಚಾಲೂ ಮಾಡಿ. ಆಗ ಒಂದೇ ಪ್ರೊಸೆಸ್ ಇರುತ್ತದೆ: ಮೊದಲ ರಸೀದಿ ಸರಿ, ಎರಡನೆಯದು ಪ್ರತಿ ಸಲವೂ ತಪ್ಪು. ಪರಿಹಾರ ಸರಳ. ಹೆಸರನ್ನು ಫಂಕ್ಷನ್ನಿಗೆ ಆರ್ಗ್ಯುಮೆಂಟ್ ಆಗಿ, ಅಂದರೆ ಕರೆಯುವಾಗಲೇ ಒಳಗೆ ಕಳುಹಿಸುವ ಮಾಹಿತಿಯಾಗಿ, ಕೊಡಿ, ಅಥವಾ ಆ ಫಂಕ್ಷನ್ನನ್ನು ಪ್ರತ್ಯೇಕ ಮಾಡ್ಯೂಲಿಗೆ (ಬೇರೆ ಕೋಡ್ ಕಡತಕ್ಕೆ) ಒಯ್ದು ಅಲ್ಲಿಗೂ ಹೆಸರನ್ನು ಹಾಗೆಯೇ ಕಳುಹಿಸಿ.

ಸ್ಕ್ರಿಪ್ಟನ್ನು ತಿದ್ದಿದರೆ ರಿಜಿಸ್ಟ್ರಿ ತಾನಾಗಿ ಮತ್ತೆ ಓದುತ್ತದೆ, ಮಾಡ್ಯೂಲನ್ನು ಓದುವುದಿಲ್ಲ. ತಿದ್ದಿಯೂ ದೋಷ ಹಾಗೇ ಇದೆ ಎನಿಸಿದರೆ ಸರ್ವರನ್ನು ಒಮ್ಮೆ ಪೂರ್ತಿ ನಿಲ್ಲಿಸಿ, ಮತ್ತೆ ಶುರು ಮಾಡಿ, ಆಮೇಲೆ ಎರಡು ಬೇರೆ ಹೆಸರುಗಳಿಂದ ಕೋಣೆ ಕಾದಿರಿಸಿ ನೋಡಿ.