ಹೊಳೆಯ ಕಡೆಯಿಂದ ಬರ್ನ್: ಒಂದು ನಡಿಗೆ

ಎಲ್ಲರಿಗೂ ನಮಸ್ಕಾರ.

ಸ್ವಿಟ್ಜರ್ಲೆಂಡಿನ ಬರ್ನ್ ನೋಡಲು ಹೋದವರು ಸಾಮಾನ್ಯವಾಗಿ ರೈಲಿಳಿದು, ಗುಂಪು ಹೋದತ್ತ ಪೂರ್ವಕ್ಕೆ ನಡೆಯುತ್ತಾರೆ. ಪುಸ್ತಕವನ್ನು ಕೊನೆಯ ಅಧ್ಯಾಯದಿಂದ ಓದಿದ ಹಾಗೆ ಅದು. ನೀವು ಒಂದು ಬಸ್ ಹತ್ತಿ ಪೂರ್ವದ ತುದಿಗೆ, ಆರೆ ನದಿಯ ದಡಕ್ಕೆ ಹೋಗಿಬಿಡಿ. ಅಲ್ಲಿಂದ ಪಶ್ಚಿಮಕ್ಕೆ ಒಂದೂವರೆ ಕಿಲೋಮೀಟರಿನೊಳಗಿನ ದಾರಿ. ಗೈಡ್ ಬೇಕಿಲ್ಲ.

ಶುರು ಮಾಡಬೇಕಾದದ್ದು ಉಂಟರ್‌ಟೋರ್ ಸೇತುವೆಯಿಂದ. ಹದಿನೈದನೇ ಶತಮಾನದ ಕಲ್ಲಿನ ಸೇತುವೆ ಇದು. 1844ರಲ್ಲಿ ಪಕ್ಕದ ಎತ್ತರದ ನೈಡೆಗ್ ಸೇತುವೆ ಮುಗಿಯುವವರೆಗೆ ಹೊಳೆ ದಾಟಲು ಊರಿಗೆ ಇದ್ದ ಸೇತುವೆ ಇದೊಂದೇ. ನಡುವೆ ನಿಂತು ಸುತ್ತ ನೋಡಿ: ನದಿ ಊರನ್ನು ಮೂರು ಕಡೆಯಿಂದ ಬಳಸಿಕೊಂಡಿದೆ. 1191ರಲ್ಲಿ ಡ್ಯೂಕ್ ಐದನೇ ಬೆರ್ಟೋಲ್ಡ್ ಈ ಜಾಗ ಆರಿಸಿಕೊಂಡದ್ದೇ ಅದಕ್ಕೆ. ಮೂರು ಕಡೆ ನೀರೇ ಕಾವಲು, ಗೋಡೆ ಬೇಕಾದದ್ದು ಪಶ್ಚಿಮಕ್ಕೆ ಮಾತ್ರ. ಊರು ಬೆಳೆಯಲು ಜಾಗ ಇದ್ದದ್ದೂ ಆ ಕಡೆಗೇ. ಹಾಗಾಗಿ ಜನ ಹೆಚ್ಚಿದಂತೆ ಹಳೆಯ ಬಾಗಿಲು ಊರೊಳಗೆ ಉಳಿಯಿತು, ಹೊಸ ಬಾಗಿಲು ಇನ್ನಷ್ಟು ಪಶ್ಚಿಮಕ್ಕೆ ಸರಿಯಿತು. ನಾವು ಹುಡುಕಿಕೊಂಡು ಹೋಗುವುದು ಆ ಬಾಗಿಲುಗಳನ್ನೇ.

ಕಡಿದಾದ ಏರು ಹತ್ತಿದರೆ ಮುಖ್ಯ ಬೀದಿ. 1405ರ ಬೆಂಕಿಯಲ್ಲಿ ಊರಿನ ಬಹುಭಾಗ ಸುಟ್ಟಿತು. ಮುಂದೆ ಮರದ ಜಾಗಕ್ಕೆ ಬಂದದ್ದು ಹಸಿರು ಛಾಯೆಯ ಬೂದು ಮರಳುಗಲ್ಲು. ಅಂಗಡಿಗಳ ಮುಂದೆ ಕಮಾನಿನ ಜಗಲಿ ಉದ್ದಕ್ಕೂ ಸಾಗುತ್ತದೆ, ಮಳೆ ಬಂದರೂ ಚಿಂತೆಯಿಲ್ಲ. ಆದರೆ ಕಣ್ಣು ಕೆಳಗಿರಲಿ. ಜಗಲಿಯ ಬುಡದಲ್ಲಿ ಬೀದಿಗೆ ಓರೆಯಾಗಿ ಕೂರಿಸಿದ ಮರದ ಬಾಗಿಲುಗಳಿವೆ, ನೆಲಮಾಳಿಗೆಯವು. ಎಷ್ಟೋ ಮಾಳಿಗೆಗಳಲ್ಲಿ ಈಗ ಅಂಗಡಿ ನಡೆಯುತ್ತದೆ. ಬೀದಿಯ ನಡುವೆ ಸಣ್ಣ ಕಾಲುವೆಯಲ್ಲಿ ನೀರು ಹೊಳೆಯ ಕಡೆಗೆ ಇಳಿಯುತ್ತಿರುತ್ತದೆ, ನಾವು ಅದಕ್ಕೆ ಎದುರಾಗಿ ನಡೆಯುತ್ತಿರುತ್ತೇವೆ. ಕ್ರಾಮ್‌ಗಾಸ್ಸೆಯ 49ನೇ ನಂಬರಿನ ಮನೆಯಲ್ಲಿ ಐನ್‌ಸ್ಟೈನ್ ಇದ್ದರು. ಅಲ್ಲಿ ಜನ ನಿಂತೇ ಇರುತ್ತಾರೆ, ನೀವು ನಿಲ್ಲದಿದ್ದರೂ ನಡೆಯುತ್ತದೆ.

ಮೊದಲ ಬಾಗಿಲು ಗಡಿಯಾರದ ಗೋಪುರ, ತ್ಸಿಟ್‌ಗ್ಲೊಗೆ. ಗಂಟೆ ಹೊಡೆಯಲು ನಾಲ್ಕೈದು ನಿಮಿಷ ಇರುವಾಗಲೇ ಪೂರ್ವದ ಮುಖದೆದುರು ನಿಂತುಕೊಳ್ಳಿ, ಕೋಳಿ ಕೂಗಿ ಕರಡಿಗಳ ಮೆರವಣಿಗೆ ಹೊರಡುವುದು ಗಂಟೆಗೆ ಮುಂಚೆಯೇ. ಎರಡನೆಯದು ಕೇಫಿಗ್‌ಟುರ್ಮ್, 1256ರ ಹೊತ್ತಿಗೆ ಊರು ಅಲ್ಲಿಯವರೆಗೆ ಬಂದಿತ್ತು. ಬಾಗಿಲಿನ ಕೆಲಸ ಮುಗಿದ ಮೇಲೆ ಅದು ಸೆರೆಮನೆಯಾಯಿತು. ಈಗಿರುವ ಕಟ್ಟಡ ಹದಿನೇಳನೇ ಶತಮಾನದ್ದು.

ಮೂರನೆಯದು ಕ್ರಿಸ್ಟೋಫೆಲ್ ಗೋಪುರ. ರೈಲು ಬಂದ ಮೇಲೆ ಅದು ದಾರಿಗೆ ಅಡ್ಡ ಅನ್ನಿಸತೊಡಗಿತು. ಉಳಿಸಬೇಕೋ ಬೇಡವೋ ಎಂದು 1864ರಲ್ಲಿ ಊರವರೇ ಮತ ಹಾಕಿದರು: ಕೆಡವಲು 415, ಉಳಿಸಲು 411. ಮರುವರ್ಷ ಗೋಪುರ ಹೋಯಿತು. ನಾಲ್ಕು ಜನ ಮನಸ್ಸು ಬದಲಿಸಿದ್ದರೂ ಇರುತ್ತಿತ್ತಲ್ಲ ಅಂತ ನನಗೆ ಈಗಲೂ ಸಂಕಟ. ಅದರ ಬುಡದ ಕಲ್ಲುಗಳು ನಿಲ್ದಾಣದ ಸುರಂಗದಾರಿಯಲ್ಲಿವೆ.

ಕಾಲಲ್ಲಿ ಶಕ್ತಿ ಉಳಿದಿದ್ದರೆ ದೊಡ್ಡ ಚರ್ಚಿನ ಪಕ್ಕದ ಕಟ್ಟೆಗೆ ಬನ್ನಿ. 1897ರಿಂದ ಇರುವ ಲಿಫ್ಟ್ ಅಲ್ಲಿಂದ ಕೆಳಗಿನ ಮಾಟೆ ಕೇರಿಗೆ ಇಳಿಸುತ್ತದೆ. ಗಿರಣಿಯವರು, ಚರ್ಮ ಹದ ಮಾಡುವವರು, ದೋಣಿಯವರು ಬಾಳಿದ ಕೇರಿ ಅದು. ನದಿ ಕಾವಲು ಕಾದದ್ದು ಮೇಲಿನವರಿಗೆ. ಕೆಳಗಿನವರ ಮನೆಗೆ ಅದು ನುಗ್ಗಿದ್ದೂ ಉಂಟು: 1999ರಲ್ಲಿ, ಮತ್ತೆ 2005ರಲ್ಲಿ. ಬೇಸಿಗೆಯಲ್ಲಿ ಊರವರು ಇದೇ ಹೊಳೆಯಲ್ಲಿ ತೇಲಿಕೊಂಡು ಹೋಗುವುದನ್ನು ಕಾಣುತ್ತೀರಿ. ಅವರನ್ನು ನೋಡಿ ನೀವೂ ಧುಮುಕಬೇಡಿ. ನೀರು ತುಂಬ ತಣ್ಣಗಿದೆ, ಸೆಳೆತ ಜೋರು, ದಡ ಹಿಡಿಯುವ ಜಾಗ ಅವರಿಗೆ ಗೊತ್ತು.