ಎನ್‌ಸಿಬಿ ಕಾರಿಂದಲ್ಲ ಕಣ್ರೀ, ನಿಮ್ದು!

ನಮಸ್ಕಾರ ಎಲ್ಲರಿಗೂ. ಇವತ್ತು ಟೈರ್ ಬಗ್ಗೆ ಮಾತಾಡ್ಬೇಕಿತ್ತು, ಅದನ್ನ ಬದಿಗಿಟ್ಟಿದ್ದೀನಿ. ಹೋದ ವಾರದ ವಿಡಿಯೋ ಕೆಳಗೆ ಒಬ್ರು ಬರೆದಿದ್ದಾರೆ: "ಕಾರು ಮಾರಿದ್ಮೇಲೆ ನೋ ಕ್ಲೇಮ್ ಬೋನಸ್ಸೂ ಕಾರಿನ ಜೊತೆಗೇ ಹೋಗುತ್ತೆ, ಜನರ ದಾರಿ ತಪ್ಪಿಸ್ಬೇಡಿ." ಅದಕ್ಕೆ ಲೈಕ್ ಬೇರೆ ಒತ್ತಿದ್ದಾರೆ ಜನ.

ಹೋಗಲ್ಲ ಸ್ವಾಮಿ. ನೋ ಕ್ಲೇಮ್ ಬೋನಸ್, ಅಂದ್ರೆ ಎನ್‌ಸಿಬಿ: ವರ್ಷವಿಡೀ ಇನ್ಶೂರೆನ್ಸ್ ಕ್ಲೇಮ್ ಮಾಡದೇ ಇದ್ರೆ ಮುಂದಿನ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ. ಎನ್‌ಸಿಬಿ ಕಾರಿಂದಲ್ಲ, ನಿಮ್ದು. ಹುಷಾರಾಗಿ ಗಾಡಿ ಓಡಿಸಿದ್ದು ನೀವು ತಾನೇ?

ಮೊನ್ನೆ ನಮ್ಮ ಭಾವನ ಜೊತೆ ಒಂದು ಶೋರೂಮಿಗೆ ಹೋಗಿದ್ದೆ. ಆರು ವರ್ಷ ಒಂದೂ ಕ್ಲೇಮ್ ಮಾಡದೆ ಹಳೇ ಕಾರು ಓಡಿಸಿದ ಮನುಷ್ಯ. ಗೇಟಿಗೆ ಬಂಪರ್ ಉಜ್ಜಿದಾಗ್ಲೂ ಕೈಯಿಂದ 4,000 ಕೊಟ್ಟು ಸರಿ ಮಾಡಿಸಿದ್ರು, ಬೋನಸ್ ಕಳ್ಕೋಬಾರ್ದು ಅಂತ. ಹೊಸ ಕಾರಿನ ಇನ್ಶೂರೆನ್ಸ್ ಕೊಟೇಶನ್ ಕೈಗೆ ಬಂತು. ಓನ್ ಡ್ಯಾಮೇಜ್, ಅಂದ್ರೆ ನಮ್ಮ ಕಾರಿಗೇ ಆಗೋ ಹಾನಿಯ ಭಾಗದ ಪ್ರೀಮಿಯಂ 16,000. ಅದರ ಕೆಳಗಡೆ ಎನ್‌ಸಿಬಿ ಅಂತ ಸಣ್ಣಕ್ಷರದ ಒಂದು ಸಾಲು, ಎದುರಿಗೆ ಸೊನ್ನೆ. ಕೇಳಿದ್ರೆ ಆ ಹುಡುಗ, "ಹೊಸ ಗಾಡಿ ಅಲ್ವಾ ಸಾರ್, ಹೊಸ ಗಾಡಿಗೆ ಬರಲ್ಲ" ಅಂದ. ಭಾವ ತಲೆಯಾಡಿಸಿ ಸೈನ್ ಹಾಕೋಕೆ ಪೆನ್ ತಗೊಂಡ್ರು. ನಾನು ಪೆನ್ ಇಸ್ಕೊಂಡೆ.

ಲೆಕ್ಕ ನೋಡಿ. ಒಂದು ವರ್ಷ ಕ್ಲೇಮ್ ಇಲ್ಲ ಅಂದ್ರೆ 20 ಪರ್ಸೆಂಟ್. ಆಮೇಲೆ 25, 35, 45, ಐದು ವರ್ಷ ಆದ್ರೆ 50. ಇದು ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ, ಬೇರೆಯವರಿಗಾದ ಹಾನಿಯ ಥರ್ಡ್ ಪಾರ್ಟಿ ಭಾಗಕ್ಕಿಲ್ಲ. 16,000ಕ್ಕೆ ಅರ್ಧ 8,000, ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿದ್ರೆ 9,440 ರೂಪಾಯಿ. ಆ ಸೊನ್ನೆಯ ಬೆಲೆ ಅಷ್ಟು! ಎನ್‌ಸಿಬಿ ಕಾರಿಂದಲ್ಲ, ನಿಮ್ದು ಅಂತ ಗಂಟಲು ಹರ್ಕೊಳ್ಳೋದು ಇದಕ್ಕೇ.

ಮಾಡ್ಬೇಕಾದ್ದು ಇಷ್ಟೇ. ಹಳೇ ಕಾರು ಮಾರಿದ್ಮೇಲೆ ಮಾಲೀಕತ್ವ ವರ್ಗಾವಣೆಯ ಫಾರಂ 29, 30ರ ಪ್ರತಿ, ಡೆಲಿವರಿ ಕೊಟ್ಟಿದ್ದಕ್ಕೆ ರಸೀದಿ, ಇವನ್ನಿಟ್ಟು ಹಳೇ ಇನ್ಶೂರೆನ್ಸ್ ಕಂಪನಿಗೆ ಅರ್ಜಿ ಕೊಡಿ. ಎನ್‌ಸಿಬಿ ರಿಟೆನ್ಷನ್ ಲೆಟರ್, ಅಂದ್ರೆ ಬೋನಸ್ ನಿಮ್ಮ ಹೆಸರಲ್ಲೇ ಉಳಿದಿದೆ ಅನ್ನೋ ಪತ್ರ, ಕೊಡ್ತಾರೆ. ಮೂರು ವರ್ಷ ಚಾಲ್ತೀಲಿರುತ್ತೆ. ಬೇರೆ ಕಂಪನೀಲಿ ಪಾಲಿಸಿ ತಗೊಂಡ್ರೂ ನಡೆಯುತ್ತೆ. ಆದ್ರೆ ಕಾರಿನ ಬೋನಸ್ ಬೈಕಿಗೆ ಬರಲ್ಲ. ಅಪ್ಪನ ಹೆಸರಲ್ಲಿದ್ದ ಬೋನಸ್ಸು, ಅಪ್ಪ ಇರೋವಾಗ, ಮಗನ ಹೆಸರಿನ ಹೊಸ ಕಾರಿಗೂ ಬರಲ್ಲ. ಬಹಳ ಮನೆಗಳಲ್ಲಿ ಎಡವೋದು ಇಲ್ಲೇ. ಹೊಸ ಕಾರು ಯಾರ ಹೆಸರಲ್ಲಿ ಅಂತ ಬುಕಿಂಗ್ ದಿನವೇ ಯೋಚನೆ ಮಾಡಿ.

ಇದನ್ನ ಒಂದು ಪುಟದಲ್ಲಿ ಬರೆದು ಡಿಸ್ಕ್ರಿಪ್ಶನ್ನಲ್ಲಿ ಹಾಕಿದ್ದೀನಿ, ಡೌನ್‌ಲೋಡ್ ಮಾಡ್ಕೊಳ್ಳಿ. ಸಬ್‌ಸ್ಕ್ರೈಬ್ ಮಾಡಿಲ್ಲ ಅಂದ್ರೆ ಈಗ್ಲೇ ಮಾಡಿ, ಮರ್ತೋಗುತ್ತೆ.

ಇನ್ನೊಬ್ರ ವಾದ, "ತಗೊಂಡೋರಿಗೆ ಪಾಲಿಸಿ ಸಮೇತ ಕೊಟ್ಬಿಟ್ಟೆ, ಪಾಪ ಅವರಿಗೇ ಉಪಯೋಗ ಆಗ್ಲಿ." ಏನ್ರೀ ಉಪಯೋಗ? ಅವರು 14 ದಿನದೊಳಗೆ ಪಾಲಿಸಿ ತಮ್ಮ ಹೆಸರಿಗೆ ಮಾಡಿಸ್ಕೋಬೇಕು, ನಿಮಗೆ ಸಿಕ್ಕಿದ್ದ ರಿಯಾಯಿತಿಯ ವ್ಯತ್ಯಾಸವನ್ನ ಕಂಪನಿ ಅವರಿಂದ ವಸೂಲಿ ಮಾಡುತ್ತೆ. ನಿಮ್ಮ ಬೋನಸ್ಸು ಅವರ ಕೈಗೆ ಸೇರೋದೇ ಇಲ್ಲ! ದಾನ ಕೊಟ್ಟಂಗೂ ಆಗ್ಲಿಲ್ಲ, ಉಳಿಸ್ಕೊಂಡಂಗೂ ಆಗ್ಲಿಲ್ಲ. ಆರ್‌ಸಿ ಇನ್ನೂ ನಿಮ್ಮ ಹೆಸರಲ್ಲೇ ಇದ್ರಂತೂ, ಅಪಘಾತ ಆದ್ರೆ ಕಾನೂನಿನ ಕಣ್ಣಲ್ಲಿ ಮಾಲೀಕರು ನೀವೇ ಅಂತ ಸುಪ್ರೀಂ ಕೋರ್ಟು 2018ರಲ್ಲೇ ಹೇಳಿದೆ.

"ಶೋರೂಮಲ್ಲಿ ಡಿಸ್ಕೌಂಟ್ ಕೊಡ್ತಾರಲ್ಲ, ಸಾಕು ಬಿಡಿ" ಅನ್ನೋರಿಗೆ ನಾನೇನು ಹೇಳ್ಲಿ? ಆ ಡಿಸ್ಕೌಂಟು ಅವರದು. ಬೋನಸ್ ನಿಮ್ದು. ಎರಡನ್ನೂ ಇಸ್ಕೊಳ್ರೀ! ಪಾಲಿಸಿ ಅಲ್ಲೇ ತಗೋಬೇಕು ಅಂತ ಕಾನೂನೂ ಇಲ್ಲ. ಹತ್ತು ರೂಪಾಯಿ ಕೊತ್ತಂಬರಿಗೆ ಚೌಕಾಸಿ ಮಾಡ್ತೀವಿ, ಒಂಬತ್ತು ಸಾವಿರಕ್ಕೆ ಬಾಯಿ ಮುಚ್ಕೊಂಡಿರ್ತೀವಿ. ನನಗೆ ಹೊಟ್ಟೆ ಉರಿಯೋದು ಇದಕ್ಕೆ. ಆರು ವರ್ಷ ರೀ! ಗುಂಡಿ ತಪ್ಪಿಸ್ಕೊಂಡು, ಆಟೋಗಳಿಂದ ಕನ್ನಡಿ ಉಳಿಸ್ಕೊಂಡು ದುಡಿದ ಬೋನಸ್ಸು. ನಿಮ್ದು, ನಿಮ್ದು, ನಿಮ್ದೇ!

ಭಾವನಿಗೆ ನಾಲ್ಕನೇ ದಿನ ಲೆಟರ್ ಮೇಲ್‌ನಲ್ಲಿ ಬಂತು. ಹೊಸ ಕೊಟೇಶನ್ನಲ್ಲಿ ಆ ಸೊನ್ನೆ ಇದ್ದ ಜಾಗದಲ್ಲಿ 50 ಪರ್ಸೆಂಟ್ ಅಂತಿತ್ತು. ಅದೇ ಹುಡುಗನೇ ಪ್ರಿಂಟ್ ತೆಗೆದು ಕೊಟ್ಟ. ಮುಂದಿನ ವಾರ ಖಂಡಿತ ಟೈರು. ಬರ್ತೀನಿ, ನಮಸ್ಕಾರ.